ಮುಚ್ಚಿದ ಬಾಗಿಲಿಗೆ ಬಿಸಿ ಕಡುಬು

ಡೊರಿನ್‌ನ ತಲೆಗೆ ಈ ಹುಳ ಬಿಟ್ಟದ್ದು ಎಂದೋ ತೀರಿಕೊಂಡ ಒಬ್ಬ ಮುದುಕಿ. ಅವನು ರುಮೇನಿಯಾದಿಂದ ಕೊರಿಯಾಕ್ಕೆ ಬಂದ ಹೊಸದರಲ್ಲಿ ಬಾಡಿಗೆಗಿದ್ದ ಮನೆಯ ಒಡತಿ ಆಕೆ. "ಹೊಸ ಮನೆ ಸೇರಿದ ಮೇಲೆ ಕೆಂಪುಕಾಳಿನ ಅಕ್ಕಿ ಕಡುಬು ಮಾಡಿಸಿ ಅಕ್ಕಪಕ್ಕದವರಿಗೆಲ್ಲ ಬಿಸಿಬಿಸಿ ಹಂಚಬೇಕು ಕಣೋ. ಕೆಂಪು ಕಂಡ್ರೆ ಪೀಡೆ ಹತ್ರ ಬರಲ್ಲ. ಹಂಚದೇ ಇದ್ರೆ ಅದೂ ನಿನ್ ಜೊತೇನೇ ಮನೆ ಒಕ್ಕಲಾಗತ್ತೆ" ಎಂದು ಅವಳು ಹೇಳಿದ್ದಳು.

ಈಗ ಡೊರಿನ್‌ಗೆ ಐವತ್ತು ದಾಟಿದೆ. ಅರ್ಧ ಆಯುಷ್ಯ ದೇಜಾನ್ ನಗರದಲ್ಲೇ ಕಳೆದಿದೆ. ಮನೆಯಲ್ಲೇ ಕುಳಿತು ಬಟ್ಟೆ ಒಗೆಯುವ ಯಂತ್ರಗಳ ಜೊತೆ ಬರುವ, ಯಾರೂ ಓದದ ಪುಸ್ತಿಕೆಗಳನ್ನು ರುಮೇನಿಯನ್ ಭಾಷೆಗೆ ಅನುವಾದಿಸುವುದು ಅವನ ಕೆಲಸ. ಬಾಗಿಲ ಆಚೆ ನಿಂತು ಮಾತಾಡಿದರೆ ಅವನು ಹೊರಗಿನವನೆಂದು ಯಾರೂ ಹೇಳಲಾರರು. ಇಲ್ಲಿನ ಪದ್ಧತಿಗಳು ಇಲ್ಲಿಯವರಿಗಿಂತ ತನಗೇ ಚೆನ್ನಾಗಿ ಗೊತ್ತು ಎಂಬ ಸಣ್ಣ ಜಂಬ ಬೇರೆ.

ಅವನು ಬಂದ ಹೊಸದರಲ್ಲಿ ನೆರೆಯವರು ಬಾಗಿಲು ತೆರೆದ ಕೂಡಲೇ ವಿಚಾರಣೆ ಶುರು. ವಯಸ್ಸೆಷ್ಟು, ಮದುವೆ ಯಾಕಾಗಿಲ್ಲ, ಸಂಬಳ ಎಷ್ಟು, ಹೊಟ್ಟೆ ಯಾಕಿಷ್ಟು ಬಂದಿದೆ. ಡೊರಿನ್ ಹಲ್ಲು ಕಚ್ಚಿ ಉತ್ತರಿಸುತ್ತಿದ್ದ. ಕಾಲ ಕಳೆದಂತೆ ಆ ಪ್ರಶ್ನೆಗಳು ಒಂದೊಂದಾಗಿ ನಿಂತುಹೋದವು. ಲಿಫ್ಟಿನಲ್ಲಿ ಎಲ್ಲರೂ ಫೋನು ನೋಡತೊಡಗಿದರು. ಹೋಟೆಲಿನಲ್ಲಿ ಬಡಿಸುವ ಅಮ್ಮಂದಿರ ಬದಲು ಗಾಜಿನ ಪರದೆಗೆ ಬೆರಳೊತ್ತಿ ಊಟ ಹೇಳಬೇಕಾಯಿತು. ಅವನು ದಪ್ಪಗಾಗಿದ್ದಾನೆಂದು ಹೇಳುವುದಕ್ಕೆ ತೂಕದ ಯಂತ್ರ ಬಿಟ್ಟರೆ ಈಗ ಯಾರೂ ಇರಲಿಲ್ಲ. ಆ ಕಿರಿಕಿರಿಗಾಗಿ ಅವನ ಮನಸ್ಸು ಹಾತೊರೆಯುತ್ತಿತ್ತು.

ಹಳೆಯ ಮನೆಯನ್ನು ಎತ್ತರದ ಕಟ್ಟಡ ಕಟ್ಟಲೆಂದು ಕೆಡವಿದರು. ಪರದೇಶಿ ಎಂದು ಬಾಗಿಲು ಹಾಕಿಕೊಂಡ ಮಾಲೀಕರ ಲೆಕ್ಕ ಇಡುವುದನ್ನು ಅವನು ಬಿಟ್ಟುಬಿಟ್ಟಿದ್ದ. ಕೊನೆಗೆ ಪ್ಯೋ ಎಂಬಾಕೆ ತನ್ನ ಅಪಾರ್ಟ್‌ಮೆಂಟ್ ಕೊಡಲು ಒಪ್ಪಿದಳು. ಗಾಳಿಗೆ ಪರದೆ ಅಲುಗಿದರೂ ಬೆಚ್ಚುವ ಹೆಂಗಸು. "ನೆರೆಯವರಿಂದ ಒಂದೇ ಒಂದು ದೂರು ಬಂದ್ರೂ ಮನೆ ಖಾಲಿ ಮಾಡ್ಬೇಕು" ಎಂದು ಕರಾರಿನಲ್ಲೇ ಬರೆಸಿಕೊಂಡಿದ್ದಳು. ಈ ಮನೆ ಹೋದರೆ ಮತ್ತೊಂದು ಸಿಗುವುದಿಲ್ಲ ಎಂದು ಡೊರಿನ್‌ಗೆ ಖಾತ್ರಿಯಿತ್ತು.

ನೆರೆಯವರನ್ನು ಒಲಿಸಿಕೊಳ್ಳಲು ಕಡುಬಿಗಿಂತ ಒಳ್ಳೆಯದು ಏನಿದೆ? ಸಾಮಾನು ಇಳಿಸಿದ ಮಾರನೆಯ ಶನಿವಾರವೇ ಅವನು ಮಾರುಕಟ್ಟೆಗೆ ಹೋದ.

ಕಡುಬಿನಂಗಡಿಯವಳು ಕಣ್ಣರಳಿಸಿದಳು. "ಮನೆ ಬದಲಾಯಿಸಿದ್ದಕ್ಕೆ ಕಡುಬಾ? ಈಗ ಯಾರು ಸ್ವಾಮಿ ಹಂಚ್ತಾರೆ? ನಾಯಿ ಹುಟ್ಟಿದಹಬ್ಬಕ್ಕೆ ಮಾಡಿಸ್ತಾರೆ, ಅಷ್ಟೆ."

"ನಾನು ಹಂಚ್ತೀನಿ" ಎಂದ ಡೊರಿನ್, ಹೆಮ್ಮೆಯಿಂದ.

ಅಂದು ದೂರದ ಮರುಭೂಮಿಯಿಂದ ಹಾರಿಬಂದ ಹಳದಿ ಧೂಳು ಊರಿನ ಮೇಲೆ ಕವಿದಿತ್ತು. ಆದ್ದರಿಂದ ಅವನು ಮೂಗು ಬಾಯಿಗೆ ಮಾಸ್ಕು ಕಟ್ಟಿದ್ದ. ತಲೆಗೆ ಕಿವಿ ಮುಚ್ಚುವ ಕರಿ ಟೊಪ್ಪಿ. ಪೊಟ್ಟಣಗಳ ದೊಡ್ಡ ಚೀಲ ಹಿಡಿದು ಹಾಗೆಯೇ ಲಿಫ್ಟಿನಲ್ಲಿ ತನ್ನ ಮಹಡಿಗೆ ಬಂದು, ಬಿಸಿ ಆರುವ ಮೊದಲು ಎದುರು ಮನೆಯ ಗಂಟೆ ಒತ್ತಿದ.

ಒಳಗೆ ಟೀವಿ ಗಪ್ಪೆಂದಿತು. ದೀಪ ಆರಿತು. ಬಾಗಿಲಿನ ಕಿಂಡಿಯಲ್ಲಿ ಒಂದು ಕಣ್ಣು ಬಂದು ನಿಂತದ್ದು ಗೊತ್ತಾಯಿತೇ ಹೊರತು ಉಸಿರೂ ಕೇಳಲಿಲ್ಲ. ಪಕ್ಕದ ಮನೆಯಲ್ಲಿ ಗಂಟೆಯ ಪೆಟ್ಟಿಗೆಯೊಳಗಿಂದ ಹೆಂಗಸಿನ ದನಿ ಬಂತು.

"ಯಾರು?"

"ಅಮ್ಮಾ, ನಾನು..."

"ನಮಗೆ ದೇವರಿದ್ದಾನೆ. ಹೊಸ ದೇವರು ಬೇಡ. ಹೋಗಿ." ಪೆಟ್ಟಿಗೆ ಕಟ್ ಆಯಿತು.

ಮೂರನೆಯ ಮನೆಯಲ್ಲಿ ಕಾಲೇಜು ಹುಡುಗನೊಬ್ಬನ ನಿದ್ದೆಗಣ್ಣಿನ ದನಿ. "ಬಾಗಿಲ ಮುಂದೆ ಇಟ್ಟು ಫೋಟೋ ತೆಗೆದು ಕಳಿಸಿ ಅಂತ ಆರ್ಡರಲ್ಲೇ ಬರೆದಿರ್ತೀನಲ್ಲ. ಬೆಲ್ ಯಾಕೆ ಒತ್ತೀರಿ?"

ಈಗಿನ ಪದ್ಧತಿ ಇದೇ ಇರಬೇಕು ಎಂದುಕೊಂಡ ಡೊರಿನ್. ಗಂಟೆ ಒತ್ತಿ ಜನರನ್ನು ಕಾಡುವುದು ಬೇಡ. ಆ ಮಹಡಿ ಮುಗಿಸಿ, ಮೆಟ್ಟಿಲಿಳಿದು ಕೆಳಗಿನ ಮಹಡಿಗಳಿಗೂ ಹೋದ. ಒಂದೊಂದು ಬಾಗಿಲ ಮುಂದೆಯೂ ಒಂದೊಂದು ಪೊಟ್ಟಣ. ಆದರೂ ಮುದುಕಿ ಕಲಿಸಿದ ಮರ್ಯಾದೆ ಬಿಡಲಾದೀತೇ? ಪ್ರತಿ ಪೊಟ್ಟಣವನ್ನೂ ಎರಡೂ ಕೈಯಲ್ಲಿ ಹಿಡಿದು ಇಟ್ಟು, ಮುಚ್ಚಿದ ಬಾಗಿಲಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಹುಡುಗ ಹೇಳಿದಂತೆ ಫೋಟೋ ತೆಗೆದುಕೊಂಡ. ಕಳಿಸುವುದು ಯಾರಿಗೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದು ಟೊಪ್ಪಿ ಮಾಸ್ಕು ತೆಗೆದು ಚಹಾಕ್ಕಿಟ್ಟ. ಅಷ್ಟರಲ್ಲಿ ಸೂರಿನಲ್ಲಿದ್ದ ಧ್ವನಿವರ್ಧಕ ಕೆಮ್ಮಿತು.

"ಅಪಾರ್ಟ್‌ಮೆಂಟ್ ಆಫೀಸಿನಿಂದ ತಿಳಿಸುವುದೇನೆಂದರೆ, ನಮ್ಮ ಕಟ್ಟಡದಲ್ಲಿ ಅಪರಿಚಿತ ವ್ಯಕ್ತಿಯೊಬ್ಬ ತಿರುಗುತ್ತಿದ್ದಾನೆ. ಯಾರೂ ಬಾಗಿಲು ತೆರೆಯಬಾರದು."

 ಡೊರಿನ್ ಓಡಿಹೋಗಿ ಬಾಗಿಲಿನ ಸರಪಳಿ ಹಾಕಿದ. ಎಂಥ ಕಾಲ ಬಂತಪ್ಪಾ, ಆಗೆಲ್ಲ ಹೀಗಿರಲಿಲ್ಲ ಎಂದು ಗೊಣಗಿಕೊಂಡು, ಕಿಂಡಿಯಲ್ಲಿ ಒಂದು ಕಣ್ಣಿಟ್ಟು ನಿಂತ.

"ವ್ಯಕ್ತಿ ಕರಿ ಟೊಪ್ಪಿ, ಬಿಳಿ ಮಾಸ್ಕು ಧರಿಸಿದ್ದಾನೆ. ಬಾಗಿಲುಗಳ ಫೋಟೋ ತೆಗೆಯುತ್ತಿದ್ದಾನೆ. ಅವನು ಇಟ್ಟುಹೋದ ತಿಂಡಿಯನ್ನು ಯಾರೂ ತಿನ್ನಬಾರದು. ಪೊಲೀಸರು ಬಂದು ಪರೀಕ್ಷೆಗೆ ಒಯ್ಯುವವರೆಗೆ ಮುಟ್ಟಬಾರದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಡೊರಿನ್ ತಲೆ ಮುಟ್ಟಿ ನೋಡಿಕೊಂಡ.  ಒಂದು ದೂರಲ್ಲ, ಇಡೀ ಕಟ್ಟಡವೇ ದೂರು ಕೊಟ್ಟಿತ್ತು. ಪ್ಯೋ ಕರಾರಿನ ಕಾಗದ ಹಿಡಿದು ಬಾಗಿಲಲ್ಲಿ ನಿಂತಂತೆಯೂ, ಅವನ ಹಾಸಿಗೆ ಸುರುಳಿ ಬೀದಿಯಲ್ಲಿ ಬಿದ್ದಂತೆಯೂ ಕಣ್ಣಿಗೆ ಕಟ್ಟಿತು. ಹೇಗಾದರೂ ಪೊಲೀಸರಿಗಿಂತ ಮೊದಲು ಪೊಟ್ಟಣಗಳನ್ನು ವಾಪಸು ತಂದುಬಿಟ್ಟರೆ?

ದೊಡ್ಡ ಕೋಟು ಹಾಕಿಕೊಂಡು, ಬರಿತಲೆಯಲ್ಲಿ, ತುದಿಗಾಲಲ್ಲಿ ಹೊರಟ. ಎಲ್ಲ ಬಾಗಿಲುಗಳೂ ಭದ್ರವಾಗಿ ಮುಚ್ಚಿದ್ದವು. ಒಂದೊಂದೇ ಪೊಟ್ಟಣ ಎತ್ತಿ ಕೋಟಿನೊಳಗೆ ತುರುಕಿದ. ಬಾಗಿಲಿನ ಬೀಗ ಕಿರ್ರೆಂದರೆ ಗೋಡೆಗಂಟಿ ನಿಲ್ಲುತ್ತಿದ್ದ. ಎಲ್ಲವೂ ಸಿಕ್ಕಿದವು, ಕೆಳಮಹಡಿಯ ಮೂಲೆಮನೆಯದೊಂದು ಬಿಟ್ಟು. ಅದನ್ನು ಯಾರು ಒಯ್ದರು ಎಂದು ಅವನು ಯೋಚಿಸುತ್ತಿರುವಾಗ ಮೆಟ್ಟಿಲ ತಿರುವಿನಲ್ಲಿ ಒಂದು ಗಾಲ್ಫ್ ಕೋಲು ಕಾಣಿಸಿತು. ಹಿಂದೆಯೇ ಅದನ್ನು ಹಿಡಿದ ಮನುಷ್ಯ.

"ನಿಲ್ಲು. ಯಾರು?"

ಅವರು ತಾಕ್, ಸೈನ್ಯದಿಂದ ನಿವೃತ್ತರಾದ ಸಾರ್ಜೆಂಟ್, ಆ ಕಟ್ಟಡದ ನಿವಾಸಿಗಳ ಪ್ರತಿನಿಧಿ. ಡೊರಿನ್ ಕೋಟಿನ ಗುಂಡಿ ಹಾಕಿಕೊಂಡ. ತಾಕ್ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಓ, ಪ್ಯೋ ಅವರ ಮನೆಗೆ ಬಂದಿರೋ ಪರದೇಶಿ ನೀವೇ ತಾನೆ? ಭೇಷ್. ಎಲ್ರೂ ಇಲಿ ಥರ ಒಳಗೆ ಸೇರ್ಕೊಂಡಿದಾರೆ, ನೀವೊಬ್ರು ಹೊರಗೆ ಬಂದ್ರಿ. ಬನ್ನಿ ನನ್ ಜೊತೆ. ಎತ್ತರ ಇದೀರಿ, ಹೊಟ್ಟೇನೂ ಚೆನ್ನಾಗಿ ಬೆಳೆಸಿದೀರಿ. ಮೈಮೇಲೆ ಬಿದ್ರೆ ಕಳ್ಳ ಏಳಲ್ಲ."

ಕೋಟಿನೊಳಗಿನ ಕಡುಬು ಹೊಟ್ಟೆಗೆ ಬೆಚ್ಚಗೆ ಅಂಟಿಕೊಳ್ಳುತ್ತಿತ್ತು. ಆ ಭಯದಲ್ಲೂ ಡೊರಿನ್‌ಗೆ ಒಂದು ಕ್ಷಣ ಕಣ್ಣು ತುಂಬಿತು. ಅವನ ಹೊಟ್ಟೆಯ ಬಗ್ಗೆ ಒಬ್ಬ ಮನುಷ್ಯ ಮಾತಾಡಿ ಎಷ್ಟು ಕಾಲವಾಗಿತ್ತು.

ತಾಕ್ ಮೊದಲ ಬಾಗಿಲ ಮುಂದೆ ನಿಂತು ಕಿರುಚಿದರು. "ಅಯ್ಯಯ್ಯೋ, ಪೊಟ್ಟಣ ಇಲ್ಲ. ಪುರಾವೆನೇ ಹೊತ್ಕೊಂಡು ಹೋಗಿದಾನೆ. ಇಟ್ಟ ವಿಷಾನ ವಾಪಸ್ ತಗೊಂಡು ಹೋಗೋವ್ನು ಸಾಮಾನ್ಯ ಅಲ್ಲ. ಗ್ಯಾಂಗೇ ಇರ್ಬೇಕು."

ಆ ಕೂಗಿಗೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ದೇವರಿದ್ದಾನೆ ಎಂದಿದ್ದ ಹೆಂಗಸು ಮೇಲಿನಿಂದ ಇಳಿದು ಬಂದಳು, ಕಾಲೇಜು ಹುಡುಗನೂ ಬಂದ. ಮೂಲೆಮನೆಯಿಂದ ಬೋಂಗ್ ಅಜ್ಜಿ ಸೌಟು ಹಿಡಿದು ಬಂದಳು. ನೋಡನೋಡುತ್ತಿದ್ದಂತೆ ಮೊಗಸಾಲೆಯಲ್ಲಿ ಜನ ಸೇರಿದರು. ಯಾರೋ ಕಿತ್ತಳೆ ತಂದು ಹಂಚಿದರು. ಒಬ್ಬಳು ಕಾಫಿ ಬೆರೆಸಿ ತಂದಳು. ಭಯವೆಂಬುದು ಒಳ್ಳೆಯ ಜಗುಲಿ, ಎಲ್ಲರನ್ನೂ ಕೂರಿಸುತ್ತದೆ.

"ನಿಮಗೆ ವಯಸ್ಸೆಷ್ಟು?" ಎಂದಳು ದೇವರ ಹೆಂಗಸು, ಡೊರಿನ್ ಕೈಗೆ ಕಿತ್ತಳೆ ಹಾಕುತ್ತ.

"ಮದುವೆ?" ಎಂದಳು ಕಾಫಿಯವಳು. "ಆಗಿಲ್ವಾ? ಅಯ್ಯೋ. ಸಂಬಳ ಸಾಕಾಗಲ್ವಾ?"

ಇದೇ, ಇದೇ ಅವನು ಹಾತೊರೆದಿದ್ದ ಕೊರಿಯಾ. ಅದು ಬಂದೇ ಬಂತು, ಅವನು ಕೋಟಿನ ಗುಂಡಿ ಬಿಚ್ಚಲಾರದ ಹೊತ್ತಿನಲ್ಲಿ.

ಬೋಂಗ್ ಅಜ್ಜಿ ಮೂಗರಳಿಸಿದಳು. "ಕೆಂಪುಕಾಳಿನ ವಾಸನೆ ಬರ್ತಾ ಇದೆ."

ಡೊರಿನ್ ಒಂದು ಹೆಜ್ಜೆ ಹಿಂದೆ ಸರಿದ.

"ಕಳ್ಳ ಇಲ್ಲೇ ಎಲ್ಲೋ ಹತ್ರ ಇದಾನೆ ಅಂತ ಅರ್ಥ" ಎಂದರು ತಾಕ್. "ಇದು ಪಕ್ಕಾ ನಮ್ಮವನದೇ ಕೆಲಸ. ಕಡುಬು ಹಂಚೋ ಪದ್ಧತಿ ಪರದೇಶಿಗೆ ಎಲ್ಲಿ ಗೊತ್ತಿರತ್ತೆ? ಅಲ್ವೇನಪ್ಪಾ?"

"ಇಲ್ಲ, ಎಲ್ಲಿ ಗೊತ್ತಿರತ್ತೆ" ಎಂದ ಡೊರಿನ್. ಅಷ್ಟು ಕಷ್ಟದ ವಾಕ್ಯವನ್ನು ಅವನು ಆ ಭಾಷೆಯಲ್ಲಿ ಹಿಂದೆಂದೂ ಆಡಿರಲಿಲ್ಲ.

ಎಲ್ಲರೂ ಮೆರವಣಿಗೆಯಂತೆ ಆಫೀಸಿಗೆ ಇಳಿದರು. ಸುದ್ದಿ ತಿಳಿದು ಪ್ಯೋ ಕೂಡ ಟ್ಯಾಕ್ಸಿ ಹಿಡಿದು ಬಂದಿದ್ದಳು. ಕಾವಲುಗಾರ ಲಿಫ್ಟಿನ ಕ್ಯಾಮೆರಾದ ಚಿತ್ರ ಹಾಕಿದ. ತೆರೆಯ ಮೇಲೆ ಕರಿ ಟೊಪ್ಪಿಯವನೊಬ್ಬ ದೊಡ್ಡ ಚೀಲ ಹಿಡಿದು ಬಂದು ಹನ್ನೊಂದನೆಯ ಮಹಡಿಯ ಗುಂಡಿ ಒತ್ತಿದ. ಮೆಟ್ಟಿಲಲ್ಲಿ ಕ್ಯಾಮೆರಾ ಇರಲಿಲ್ಲವಾದ್ದರಿಂದ ಮುಂದೇನೂ ಇಲ್ಲ. ಎಲ್ಲರೂ ತಟ್ಟನೆ ಡೊರಿನ್ ಕಡೆ ತಿರುಗಿದರು. ಮುಗಿಯಿತು ಎಂದುಕೊಂಡ ಅವನು.

"ನಿಮ್ಮ ಮಹಡಿಗೇ ಬಂದಿದಾನಲ್ರೀ" ಎಂದರು ತಾಕ್, ಕನಿಕರದಿಂದ. "ಎಂಥ ಅಪಾಯ ತಪ್ಪಿತು."

ಪ್ಯೋ ಅವನ ತೋಳು ಹಿಡಿದುಕೊಂಡಳು. "ನೀವು ಹೆದರಿ ಮನೆ ಬಿಡ್ಬೇಡಿ, ದಯವಿಟ್ಟು. ಅವನು ಈ ಕಟ್ಟಡದವನೇ ಆಗಿದ್ರೆ, ಅಂಥವನಿಗೆ ಮನೆ ಕೊಟ್ಟೋರು ಯಾರೋ, ನಾನಾಗಿದ್ರೆ ಈ ಗಳಿಗೇಲೇ ಸಾಮಾನು ಬೀದಿಗೆಸೀತಿದ್ದೆ."

ಡೊರಿನ್‌ನ ಗಂಟಲಿಗೆ ಬಂದಿದ್ದ ನಿಜ ಅಲ್ಲಿಂದಲೇ ವಾಪಸು ಇಳಿಯಿತು.

"ಈ ಮನುಷ್ಯನಿಗೆ ಧೈರ್ಯ ಇದೆ" ಎಂದರು ತಾಕ್. ಮೇಜಿನ ಖಾನೆಯಿಂದ 'ಕಾವಲು' ಎಂದು ಬರೆದ ಕೆಂಪು ತೋಳುಪಟ್ಟಿಯೊಂದನ್ನು ತೆಗೆದರು. "ಶನಿವಾರದ ಗಸ್ತಿಗೆ ಇನ್ಮೇಲೆ ಇವರೇ ಮುಖ್ಯಸ್ಥರು. ಕರಿ ಟೊಪ್ಪಿ ಸಿಗೋವರೆಗೂ ಬಿಡೋ ಹಾಗಿಲ್ಲ."

ಜನ ಚಪ್ಪಾಳೆ ತಟ್ಟಿದರು. ಡೊರಿನ್ ಎರಡೂ ಕೈ ಚಾಚಿ ಪಟ್ಟಿ ತೆಗೆದುಕೊಂಡು, ಸೊಂಟ ಬಗ್ಗಿಸಿ ನಮಸ್ಕರಿಸಿದ. ಕೋಟಿನೊಳಗೆ ಒಂದು ಕಡುಬು ಪಚಕ್ಕೆಂದಿತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ. ಇಲ್ಲಿ ಹೊಲ ಮೇಯ್ದವನನ್ನೇ ಕರೆದು ಬೇಲಿ ಮಾಡಿದರು.

ಆದರೂ ಬದುಕಿದೆ, ಮನೆ ಉಳಿಯಿತು ಎಂದು ಉಸಿರು ಬಿಡುತ್ತ ಅವನು ಲಿಫ್ಟು ಹತ್ತಿದ. ಬಾಗಿಲು ಮುಚ್ಚುವಷ್ಟರಲ್ಲಿ ಬೋಂಗ್ ಅಜ್ಜಿ ಸೌಟನ್ನು ಅಡ್ಡ ಕೊಟ್ಟು ಒಳಗೆ ಬಂದಳು. ಇಬ್ಬರೇ.

"ಕಾಳು ಚೆನ್ನಾಗಿ ಬೆಂದಿತ್ತು" ಎಂದಳು ಅಜ್ಜಿ, ಬಾಗಿಲನ್ನೇ ನೋಡುತ್ತ. "ಉಪ್ಪು ಒಂಚೂರು ಕಮ್ಮಿ."

ಡೊರಿನ್ ಗೋಡೆಗೊರಗಿದ. "ಅಜ್ಜಿ, ನೀವು... ತಿಂದ್ರಾ?"

"ಬಿಸಿ ಕಡುಬು ಬಿಡೋಕಾಗತ್ತಾ? ಕಿಂಡೀಲಿ ನೋಡ್ತಾ ಇದ್ದೆ. ಮುಖ ಕಾಣ್ಲಿಲ್ಲ. ಆದ್ರೆ ಮುಚ್ಚಿದ ಬಾಗಿಲಿಗೆ ಎರಡೂ ಕೈಯಲ್ಲಿ ಕೊಟ್ಟು ಬಗ್ಗೋವ್ನು ಈಗಿನ ಕಾಲದಲ್ಲಿ ಯಾರಪ್ಪಾ ಅಂದ್ಕೊಂಡೆ. ಈಗ ಪಟ್ಟಿ ಇಸ್ಕೊಂಡ್ಯಲ್ಲ, ಅದೇ ಕೈ, ಅದೇ ಸೊಂಟ. ನಮ್ಮ ಹುಡುಗ್ರು ಯಾರೂ ಹಂಗೆ ಬಗ್ಗಲ್ಲ ಮಗಾ. ನೀನೊಬ್ನೇ."

"ಅಜ್ಜಿ, ಪ್ಯೋ ಅವರಿಗೆ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ನನಗೆ ಬೇರೆ ಮನೆ ಸಿಗಲ್ಲ."

"ನಾನ್ಯಾಕೆ ಹೇಳ್ಲಿ?" ಅಜ್ಜಿ ಮೊದಲ ಬಾರಿಗೆ ಅವನತ್ತ ತಿರುಗಿದಳು. ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು. "ಈ ಕಟ್ಟಡದಲ್ಲಿ ಇಷ್ಟು ವರ್ಷದಿಂದ ಇದೀನಿ. ಪಕ್ಕದ ಮನೆಯೋಳಿಗೆ ಮೊಮ್ಮಗು ಆಗಿರೋದು ಇವತ್ತು ಗೊತ್ತಾಯ್ತು. ಎಲ್ಲ ಬಾಗಿಲೂ ತೆಗೆದವು, ಕಿತ್ತಳೆ ತಿಂದ್ವಿ, ಮಾತಾಡಿದ್ವಿ. ನಾಳೆ ಕಳ್ಳ ಸಿಕ್ಕಿಬಿದ್ರೆ ಮತ್ತೆ ಎಲ್ರೂ ಚಿಲಕ ಹಾಕ್ಕೋತಾರೆ. ಅದಕ್ಕೇ, ಅವನು ಸಿಗಬಾರ್ದು. ಮುಂದಿನ ಶನಿವಾರಾನೂ ಬರ್ಬೇಕು. ಅದರ ಮುಂದಿನ ಶನಿವಾರಾನೂ."

"ಅಜ್ಜಿ, ಶನಿವಾರ ಅವನನ್ನ ಹಿಡಿಯೋ ಕೆಲಸ ನಂದೇ ಅಲ್ವಾ?"

"ಒಳ್ಳೇದೇ ಆಯ್ತಲ್ಲ, ಅವನೆಲ್ಲಿದಾನೆ ಅಂತ ನಿನಗೆ ಗೊತ್ತಿರತ್ತೆ. ಬರ್ಲಿಲ್ವೋ, ಪ್ಯೋ ಮನೆ ಫೋನ್ ನಂಬರ್ ನನ್ ಹತ್ರ ಇದೆ."

ಲಿಫ್ಟು ಅವಳ ಮಹಡಿಯಲ್ಲಿ ನಿಂತಿತು. ಅಜ್ಜಿ ಹೊರಗೆ ಕಾಲಿಟ್ಟು, ಏನೋ ನೆನಪಾದಂತೆ ಸೌಟು ಅಡ್ಡ ಹಿಡಿದಳು.

"ಉಪ್ಪು ನೋಡ್ಕೊಂಡು ಹಾಕ್ಸು. ಟೊಪ್ಪಿ ಮರೀಬೇಡ."