‘ಆತು’ ಅನ್ನುವ ಚಿಪ್

ನಮ್ಮ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಗು ಬರುತ್ತದೆ, ಆದರೆ ಸಾಮಾನ್ಯವಾಗಿ ಪಕ್ಕದವರಿಗೆ.

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಂಪನಿ. ಮೊದಲು ಮನೆಬಾಗಿಲ ಕರೆಗಂಟೆ ಮಾಡುತ್ತಿದ್ದೆವು. ಈಗ ಹಾಡುವವರಿಗಾಗಿ ಒಂದು ಪೆಟ್ಟಿಗೆ. ಅದು ತಂಬೂರಿ ನುಡಿಸುತ್ತದೆ, ಹಾಡಿದ್ದನ್ನು ಮೆಮೊರಿ ಕಾರ್ಡಿಗೆ ಬರೆದಿಡುತ್ತದೆ. ಬರೆಯುವುದು ಒಂದು ಚಿಪ್. ಆ ಚಿಪ್‌ನಿಂದ ಕೆಲಸ ತೆಗೆಸುವ ಪ್ರೋಗ್ರಾಮು ನನ್ನದು, ಅದಕ್ಕೆ ಡ್ರೈವರ್ ಅನ್ನುತ್ತಾರೆ. ಯಾವ ಗಾಡಿ ಅಂತ ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಧಾರವಾಡದ ಒಬ್ಬರು ಸಂಗೀತದ ಬಾಯಾರು, ಅಂದರೆ ಟೀಚರಮ್ಮ, ಈ ಪೆಟ್ಟಿಗೆ ಒಪ್ಪಿದರೆ ನಾವು ಮಾಡಿದ ಪೆಟ್ಟಿಗೆಗಳಷ್ಟನ್ನೂ ಅವರ ಶಾಲೆ ತೆಗೆದುಕೊಳ್ಳುತ್ತಿತ್ತು. ಒಪ್ಪದಿದ್ದರೆ ಮತ್ತೆ ಕರೆಗಂಟೆ ಅಂತ ನಮ್ಮ ಮಾಲಕರು ಹೇಳಿಬಿಟ್ಟಿದ್ದರು. ಕರೆಗಂಟೆಗೆ ಡ್ರೈವರ್ ಬೇಕಾಗಿಲ್ಲ. ಅಂದರೆ ನಾನು ಬೇಕಾಗಿಲ್ಲ.

ಸ್ವಸ್ತಾ ಮಾಲು

ಮಾಲಕರಿಗೆ ಆ ಚಿಪ್ ಎಲ್ಲೋ ಸ್ವಸ್ತಾ, ಅಂದರೆ ಅಗ್ಗಕ್ಕೆ, ಸಿಕ್ಕಿತು. ನನ್ನನ್ನು ಒಂದು ಮಾತು ಕೇಳದೆ ಇಡೀ ಲಾಟು ಎತ್ತಿಕೊಂಡು ಬಂದು, ಬೋರ್ಡಿಗೆಲ್ಲ ಬೆಸುಗೆ ಹಾಕಿಸಿದರು. ಆಮೇಲೆ ಅದರ ಗುಣ ಗೊತ್ತಾಯಿತು. ಹಾಡನ್ನು ತುಂಡು ತುಂಡಾಗಿ ಕಾರ್ಡಿಗೆ ಬರೆಯುತ್ತಾ, ಪ್ರತಿ ತುಂಡು ಮುಗಿಸಿದ ಮೇಲೆ ಅದು ‘ಆತು’ ಅನ್ನಬೇಕು. ಇದು ಮುಗಿಸುವ ಮೊದಲೇ ‘ಆತು’ ಅನ್ನುತ್ತದೆ. ಅದನ್ನು ನಂಬಿ ನಾವು ನಿಲ್ಲಿಸಿದರೆ ಹಾಡಿನ ಕೊನೆಯ ಭಾಗ ಗಾಳಿಗೆ ಹೋಯಿತು.

ಚಿಪ್ ಸುಳ್ಳು ಹೇಳುತ್ತದೆ ಅಂತ ಮಾಲಕರಿಗೆ ದೂರು ಕೊಟ್ಟೆ. ನಮ್ಮ ಕಡೆ ‘ಆತು’ ಅಂದರೆ ಎರಡು ಅರ್ಥ. ಕೆಲಸ ಮುಗಿಯಿತು ಅಂತ ಒಂದು. ನೀವು ಹೇಳಿದ್ದು ಕೇಳಿಸಿತು, ಆದಾಗ ಆದೀತು ಅಂತ ಇನ್ನೊಂದು. ನಮ್ಮ ಟೇಲರ್ ಹೇಳುವುದು ಯಾವಾಗಲೂ ಎರಡನೆಯದು.

ಮಾಲಕರು ಬೋರ್ಡನ್ನು ಕೈಯಲ್ಲಿ ಹಿಡಿದು ಪ್ರೀತಿಯಿಂದ ನೋಡಿದರು. “ಸುಳ್ಳ ಹೇಳಾಕತ್ತಿಲ್ಲ ತಮ್ಮಾ ಅದು, ಮಾತು ಕೊಡಾಕತ್ತೈತಿ. ನಮ್ಮ ಕಡೀದ ಇರಬೇಕು.”

ಹೊಂದಿಸಿಕೊಳ್ಳಿ

ಚಿಪ್ ಮಾಡಿದವರಿಗೇ ಬರೆದು ಕೇಳಿದೆ. ಈ ದೋಷ ನಮಗೆ ಮೊದಲಿನಿಂದ ಗೊತ್ತಿದೆ, ಸರಿಪಡಿಸುವ ಯೋಚನೆ ಇಲ್ಲ, ಡ್ರೈವರಿನಲ್ಲೇ ಹೊಂದಿಸಿಕೊಂಡು ಹೋಗಿ ಅಂತ ಉತ್ತರ ಬಂತು. ತಪ್ಪು ಅವರದು, ಹೊಂದಿಕೊಳ್ಳುವವನು ನಾನು. ಆ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ಏನಾಯಿತು ಅಂತ ಕೇಳಿದಾಗ ಬಂದ ಉತ್ತರವನ್ನು ಹಾಗೇ ಓದಿ ಹೇಳಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮದುವಿ ಆದ ಮರುದಿನ ನಿಮ್ಮವ್ವಾರು ನಿಮ್ಮ ಬಗ್ಗೆ ನನಗ ಇದ ಮಾತು ಹೇಳಿದ್ರಲ್ರಿ.”

ಮುಗಿಸದ ಮನುಷ್ಯ

ಅಷ್ಟರಲ್ಲಿ ಮಾಲಕರು ತಡೆಯಲಾಗದೆ ಒಂದು ಪೆಟ್ಟಿಗೆಯನ್ನು ಬಾಯಾರಿಗೆ ಕಳಿಸಿಬಿಟ್ಟಿದ್ದರು. ಬಾಯಾರ ಹತ್ತಿರ ಹಾಡು ಕಲಿಯುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಮನೆಯಲ್ಲಿ ಅದರ ಮುಂದೆ ಕೂತು ಒಂದು ಭಜನೆ ಹಾಡಿ ತಂದರು. ಬಾಯಾರು ಕೇಳಿದರೆ ಹಾಡು ಷಡ್ಜಕ್ಕೆ ಬರುವ ಮೊದಲೇ ನಿಂತಿದೆ. ನಡುದಾರಿಯಲ್ಲಿ ಬಿಟ್ಟುಬಿಡುತ್ತೀರಿ ಅಂತ ಬೈದರು. ನಾನು ಪೂರ್ತಿ ಹಾಡಿದ್ದೇನೆ ಅಂತ ಆ ಹಿರಿಯರು ಆಣೆ ಮಾಡುವುದೊಂದು ಬಾಕಿ. ಪೆಟ್ಟಿಗೆ ಹೇಗಿದೆ ಅಂತ ಕೇಳಲು ಹೋಗಿದ್ದ ನಾನು ಅಲ್ಲೇ ಕೂತು, ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಅಂತ ನೆಲ ನೋಡುತ್ತಿದ್ದೆ.

ಕೊನೆಗೆ ಆ ಹಿರಿಯರು ಸಾಕ್ಷಿ ಹೇಳು ಅಂತ ಜೊತೆಗೆ ಬಂದಿದ್ದ ಹೆಂಡತಿಯ ಕಡೆ ತಿರುಗಿದರು. ಆಕೆ ಬಾಯಾರಿಗೆ ಹೇಳಿದರು: “ಮನ್ಯಾಗೂ ಹಂಗರಿ. ಯಾವುದೂ ಮುಗಸೂದಿಲ್ಲ.”

ಖರೇನ?

ಪ್ರತಿ ‘ಆತು’ ಆದ ಮೇಲೆ ಡ್ರೈವರನ್ನು ಸ್ವಲ್ಪ ಕಾಯಿಸಿ ನೋಡಿದೆ. ಅಷ್ಟು ಹೊತ್ತು ತಂಬೂರಿಯೂ ನಿಂತು, ಅದಕ್ಕೆ ಬಿಕ್ಕಳಿಕೆ ಹಿಡಿಯಿತು. ತಲೆ ಕೆಟ್ಟು, ಚಿಪ್ ‘ಆತು’ ಅಂದ ಕೂಡಲೇ ‘ಖರೇನ?’ ಅಂತ ಮತ್ತೆ ಕೇಳುವ ಹಾಗೆ ಬರೆದೆ. ಎರಡನೆಯ ಸಲ ಅದು ನಿಜ ಹೇಳಿತು. ಮೊದಲನೆಯ ‘ಆತು’ ಕಿವಿಗೆ ಹಾಕಿಕೊಳ್ಳಬಾರದು, ಎರಡನೆಯದನ್ನು ನಂಬಬೇಕು, ಇಷ್ಟೇ ನನ್ನ ಡ್ರೈವರು.

ಹೊಸ ಪೆಟ್ಟಿಗೆ ಹಿಡಿದು ಧಾರವಾಡಕ್ಕೆ ಹೋದೆ. ಬಾಯಾರು ತಾವೇ ಹಾಡಿ, ಕೊನೆಯ ಷಡ್ಜದವರೆಗೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ “ಆತ್ರಿ” ಅಂದು ಒಳಗೆ ಹೋದರು. ನಾನು ಓಡುತ್ತಾ ಬೀದಿಗೆ ಬಂದು ಮಾಲಕರಿಗೆ ಫೋನ್ ಮಾಡಿ, ಬಾಯಾರು ಆತು ಅಂದರು ಅಂದೆ.

“ಯಾವ ಆತು ತಮ್ಮಾ?”

ಫೋನು ಕೈಯಲ್ಲೇ ಹಿಡಿದು ಮತ್ತೆ ಒಳಗೆ ಹೋಗಿ, “ಬಾಯಾರ, ಖರೇನ್ರಿ?” ಅಂದೆ.

“ಎಷ್ಟ ಸಲ ಹೇಳಬೇಕ್ರಿ ನಿಮಗ? ಆತು. ಎಲ್ಲಾ ಪೆಟಗಿ ಕಳಸ್ರಿ.”

ಎರಡನೆಯ ‘ಆತು’. ನನಗೆ ಕಣ್ಣಲ್ಲಿ ನೀರು ಬಂತು. ಕೆಲಸ ಉಳಿಯಿತು ಅಂತ ಗೋಡೆಗೆ ಒರಗಿ ನಿಂತೆ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಮಾಲಕರಿಗೆ ನನಗಿಂತ ಖುಷಿ.

“ಭಾಳ ಛಲೋ ಆತು. ಅದ ಚಿಪ್‌ನ್ಯಾಗ ಇನ್ನೂ ಸ್ವಸ್ತಾದ್ದೊಂದು ಬಂದೈತಿ, ಲಾಟು ತಗೊಂಡುಬಿಟ್ಟೇನಿ. ಅದು ಎರಡನೇ ಸಲಾನೂ ಸುಳ್ಳ ಹೇಳತೈತಂತ. ನೀ ಹೊಂದಿಸ್ಕೋ.”

“ಆತ್ರಿ” ಅಂದೆ. ಯಾವ ಆತು ಅಂತ ಅವರು ಕೇಳಲಿಲ್ಲ.