ಕತ್ತರಿಗೆ ಸಿಗದ ಟ್ಯಾಗು

ಕೋಟಿನ ತೋಳಿನೊಳಗೆ ಮಡಚಿ ತುರುಕಿದ್ದ ಟ್ಯಾಗು ತೊಟ್ಟ ಕ್ಷಣದಿಂದಲೇ ಅವನ ಮಣಿಕಟ್ಟನ್ನು ಚುಚ್ಚತೊಡಗಿತ್ತು. ದಪ್ಪ ರಟ್ಟಿನ ಟ್ಯಾಗು. ಒಂದು ಕಡೆ ಕಂಪನಿಯ ಹೆಸರು ಬಂಗಾರದ ಬಣ್ಣದಲ್ಲಿ, ಇನ್ನೊಂದು ಕಡೆ ಕಪ್ಪು ಗೆರೆಗಳು, ಅವುಗಳ ಕೆಳಗೆ ಬೆಲೆ. ಆ ಬೆಲೆ ನೋಡಿದವರು, ಕೋಟಿನ ಜೊತೆ ಒಂದು ಫ್ರಿಜ್ಜನ್ನೂ ಕೊಡುತ್ತಾರೇನೋ ಅಂದುಕೊಳ್ಳಬೇಕು.

"ಟ್ಯಾಗ್ ಮಾತ್ರ ಜೋಪಾನ ಕಣೋ," ಅಂದಳು ಅಕ್ಕ, ಅವನ ಕಾಲರ್ ನೇರ ಮಾಡುತ್ತ. "ಕೊಳೆಯಾದ್ರೆ ಒರೆಸ್ತೀನಿ, ಸುಕ್ಕಾದ್ರೆ ಇಸ್ತ್ರಿ ಹಾಕ್ತೀನಿ. ಟ್ಯಾಗ್ ಹೋದ್ರೆ ನನ್ನ ಕೆಲಸ ಹೋಯ್ತು ಅಂತಲೇ ತಿಳ್ಕೋ. ಅಂಗಡಿ ಮುಚ್ಚೋ ಮುಂಚೆ ಸ್ಟಾಕ್ ನೋಡ್ತಾರೆ. ಅಷ್ಟರಲ್ಲಿ ಇದು ಹ್ಯಾಂಗರ್ ಮೇಲಿರ್ಬೇಕು."

ಅಕ್ಕ ಬಟ್ಟೆ ಶೋರೂಮಿನಲ್ಲಿ ಸೇಲ್ಸ್ ಹುಡುಗಿ. ತಮ್ಮ ವಿಶ್ವವಿದ್ಯಾಲಯದಲ್ಲಿ ಫ್ಯಾಷನ್ ಮಾರ್ಕೆಟಿಂಗ್ ಅಂಡ್ ಕಮ್ಯುನಿಕೇಷನ್ ವಿದ್ಯಾರ್ಥಿ. ಅಂದರೆ, ಅವಳು ದಿನವಿಡೀ ನಿಂತು ಬಟ್ಟೆ ಮಾರುತ್ತಿದ್ದಳು. ಆ ಸಂಬಳದಲ್ಲಿ ಅವನು ಕುಳಿತುಕೊಂಡು, ಬಟ್ಟೆ ಮಾರುವುದು ಹೇಗೆ ಎಂದು ಕಲಿಯುತ್ತಿದ್ದ.

ಆ ದಿನ ಅವನ ಕೊನೆಯ ಪ್ರಾಜೆಕ್ಟಿನ ಪ್ರದರ್ಶನ. ನೋಡಲು ಬರುವವರು ಅಕ್ಕನ ಕಂಪನಿಯ ಮುಖ್ಯ ಕಚೇರಿಯ ಮಾರ್ಕೆಟಿಂಗ್ ಮೇಡಂ. ಇಡೀ ತರಗತಿಯಲ್ಲಿ ಒಬ್ಬರನ್ನು ಮಾತ್ರ ಅವರು ಟ್ರೈನಿಯಾಗಿ ತೆಗೆದುಕೊಳ್ಳುತ್ತಾರಂತೆ. ಆ ಒಂದು ಜಾಗ ಸಿಕ್ಕಿದರೆ ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಬಹುದು ಎಂದು ಅವನ ಲೆಕ್ಕಾಚಾರ. ಆದರೆ ವಿಭಾಗದ ಮುಖ್ಯಸ್ಥರದ್ದು ಒಂದು ಕಟ್ಟಪ್ಪಣೆ ಇತ್ತು: ಬಂದ ಅತಿಥಿಯ ಬ್ರಾಂಡನ್ನು ತೊಟ್ಟವರಿಗೇ ವೇದಿಕೆ. ಬ್ರಾಂಡು ಕೊಳ್ಳಲು ಅಕ್ಕ ತಮ್ಮ ಇಬ್ಬರೂ ಊಟ ಬಿಟ್ಟು ವರ್ಷ ಕಾಯಬೇಕಿತ್ತು. ಅದಕ್ಕೇ ಹಿಂದಿನ ರಾತ್ರಿ ಸ್ಟಾಕ್ ನೋಡಿ ಮುಗಿದ ಮೇಲೆ ಅಕ್ಕ ಆ ಕಡುಹಸಿರು ಕೋಟನ್ನು ಊಟದ ಚೀಲದಲ್ಲಿ ಮಡಚಿಟ್ಟುಕೊಂಡು ಬಂದಿದ್ದಳು. ಬಾಗಿಲು ದಾಟುವಾಗ ಕಾಲು ಹೇಗೆ ನಡುಗಿತು ಎಂಬುದನ್ನು ನಗುತ್ತಲೇ ಹೇಳಿದ್ದಳು. ಅವನು ಮಾತ್ರ ನಕ್ಕಿರಲಿಲ್ಲ.

ಮೆಟ್ಟಿಲಿಳಿಯುವಾಗ ಎದುರುಮನೆ ಆಂಟಿ ಅಡ್ಡ ಬಂದರು.

"ಏ ಟೈಲರ್ ಮರಿ, ನಿಲ್ಲೋ! ನಮ್ಮನೆಯವರ ಪ್ಯಾಂಟು ಉದ್ದ ಆಗಿದೆ, ಮಡಚಿ ಹೊಲಿದುಕೊಡು ಅಂತ ಎಷ್ಟು ಸಲ ಹೇಳೋದು?"

"ಆಂಟಿ, ನಾನು ಹೊಲಿಯೋದು ಕಲಿತಾ ಇಲ್ಲ. ಬಟ್ಟೆ ಬಗ್ಗೆ ಜನಕ್ಕೆ ತಿಳಿಸೋದು ಕಲಿತಾ ಇದೀನಿ."

"ಬಟ್ಟೆ ಬಗ್ಗೆ ತಿಳಿಸೋದೇನೋ? ಹಾಕ್ಕೊಂಡ್ರೆ ಕಾಣುತ್ತಲ್ಲ!"

ಅವನು ಕೈ ಮುಗಿದು ಹೊರಡಲು ಹೋದ. ಕೈ ಎತ್ತಿದ್ದೇ ತಡ, ಟ್ಯಾಗು ಬಿಲದಿಂದ ಇಲಿ ಇಣುಕಿದಂತೆ ತೋಳಿನಿಂದ ಹೊರಗೆ ಬಂತು.

"ಅಯ್ಯೋ ಪೆದ್ದೇ, ಟ್ಯಾಗೇ ಕಿತ್ತಿಲ್ವಲ್ಲೋ! ನೋಡಿದವರು ಏನಂದ್ಕೊಳ್ತಾರೆ? ತಾಳು, ಕತ್ತರಿ ತರ್ತೀನಿ, ಒಂದು ಕಚಕ್ ಅಷ್ಟೇ!"

ಆಂಟಿ ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಬೀದಿಯಲ್ಲಿದ್ದ. "ಓಡ್ತಾನಲ್ಲಪ್ಪಾ, ಸಹಾಯ ಮಾಡಕ್ಕೆ ಹೋದ್ರೆ!" ಎಂಬ ಕೂಗು ಬೀದಿಯ ತಿರುವಿನವರೆಗೂ ಬಂತು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲಿನ ಕಂಬಿ ಹಿಡಿಯದೆ ನಿಲ್ಲುವಂತಿಲ್ಲ, ಹಿಡಿದರೆ ಟ್ಯಾಗು ನಿಲ್ಲುವಂತಿಲ್ಲ. ಮೊದಲನೇ ಬ್ರೇಕಿಗೇ ಅದು ಹೊರಗೆ ಜಾರಿ, ಕೆಳಗೆ ಕುಳಿತಿದ್ದ ಯಜಮಾನರೊಬ್ಬರ ಮೂಗಿನ ಮುಂದೆ ತೂಗಾಡತೊಡಗಿತು. ಅವರು ಕನ್ನಡಕ ಹಣೆಗೇರಿಸಿ, ಟ್ಯಾಗು ಹಿಡಿದು, ಬೆಲೆಯನ್ನು ಇಡೀ ಬಸ್ಸಿಗೆ ಕೇಳುವಂತೆ ಓದಿದರು.

"ಇಷ್ಟಾ?" ಅಂದರು ಪಕ್ಕದ ಸೀಟಿನ ಹೆಂಗಸು. "ಇಷ್ಟು ಕೊಟ್ಟು ಕೊಂಡವನು ಬಸ್ಸಲ್ಲಿ ಯಾಕಪ್ಪಾ ನೇತಾಡ್ತಾ ಇದೀಯ?"

"ಕೊಂಡಿದ್ದಕ್ಕೇ ಈಗ ಬಸ್ಸು," ಅಂದ ಹಿಂದಿನವನೊಬ್ಬ. ಬಸ್ಸೆಲ್ಲ ನಗು.

"ಪಾಪ, ಮರೆತಿದ್ದಾನೆ ಮಗು," ಎನ್ನುತ್ತ ಯಜಮಾನರು ಕೀಲಿ ಗೊಂಚಲಿನಿಂದ ಉಗುರು ಕತ್ತರಿಸುವ ಕತ್ತರಿ ತೆಗೆದರು. "ಕೈ ಅಲ್ಲಾಡಿಸ್ಬೇಡ."

"ಬೇಡ ಸಾರ್!"

"ಸಂಕೋಚ ಯಾಕೆ? ನನ್ನ ಮಗನಿಗೂ ಮಾಡ್ತೀನಿ."

ಕತ್ತರಿ ಪ್ಲಾಸ್ಟಿಕ್ ದಾರವನ್ನು ಮುಟ್ಟಿಯೇಬಿಟ್ಟಿತು. ಅಕ್ಕನ ಕೆಲಸ, ಊಟದ ಚೀಲ, ನಡುಗಿದ ಕಾಲು ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು. ಅವನು ಕಿರುಚಿದ: "ಮುಟ್ಬೇಡಿ! ಇದು ಫ್ಯಾಷನ್ನು!"

ಯಜಮಾನರು ಕತ್ತರಿ ಹಿಂದಕ್ಕೆಳೆದರು.

"ಟ್ಯಾಗ್ ನೇತು ಹಾಕೋದಾ?" ಅಂದರು ಯಜಮಾನರು.

"ಹೌದು ಸಾರ್. ಬೇಕಂತಲೇ ಬಿಟ್ಟಿರೋದು."

"ಅದಕ್ಕೇನಪ್ಪಾ ಅರ್ಥ?"

ಅರ್ಥ! ಅರ್ಥವಿಲ್ಲದ ವಸ್ತುವಿಗೆ ಅರ್ಥ ಅಂಟಿಸುವುದನ್ನೇ ಅಲ್ಲವೇ ಅವನು ಇಷ್ಟು ವರ್ಷ ಓದಿದ್ದು? ಬಾಯಿ ತಾನಾಗಿ ಓಡಿತು. "ಬೆಲೆ ಮುಚ್ಚಿಡೋದು ಹಳೇ ಕಾಲದ ನಾಚಿಕೆ ಸಾರ್. ನಾವೆಲ್ಲ ಎದೆಯಲ್ಲೊಂದು ಬೆಲೆ ಇಟ್ಟುಕೊಂಡು ಓಡಾಡ್ತೀವಿ, ಹೇಳಲ್ಲ. ಟ್ಯಾಗ್ ಹೊರಗೆ ಬಿಡೋದು ಅಂದ್ರೆ... 'ನನ್ನಲ್ಲಿ ಮುಚ್ಚುಮರೆ ಇಲ್ಲ' ಅಂತ."

ಊಟದ ಚೀಲದಲ್ಲಿ ಮುಚ್ಚಿ ತಂದ ಕೋಟನ್ನು ತೊಟ್ಟು ಅವನು ಹೀಗೆ ಹೇಳಿದ. ಯಜಮಾನರು ಗೌರವದಿಂದ ಕತ್ತರಿ ಮಡಚಿದರು. ಹೆಂಗಸು ತಮ್ಮ ಹೊಸ ಚೀಲದ ಟ್ಯಾಗನ್ನು ಮೆಲ್ಲಗೆ ಹೊರಗೆಳೆದು ಬಿಟ್ಟುಕೊಂಡರು. ಹಿಂದಿನ ಸೀಟಿನಿಂದ ಒಂದು ಫೋನು ಮೇಲೆದ್ದಿತ್ತು. ಅದರ ಹಿಂದೆ ಇದ್ದವಳು ಅವನ ಸಹಪಾಠಿ. ಉಸಿರಾಡುವುದನ್ನೂ ವಿಡಿಯೋ ಮಾಡಿ ಹಾಕುತ್ತಿದ್ದುದರಿಂದ ಕಾಲೇಜಿನಲ್ಲಿ ಅವಳಿಗೆ 'ಲೈಕು' ಎಂದೇ ಹೆಸರು.

"ಸಕತ್ ಕಣೋ! ಇನ್ನೊಂದ್ಸಲ ಹೇಳು, 'ಎದೆಯಲ್ಲೊಂದು ಬೆಲೆ' ಅನ್ನೋದು."

"ಲೈಕು, ದಯವಿಟ್ಟು ಹಾಕ್ಬೇಡ."

"ಹಾಕಿ ಆಯ್ತು."

ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನು ಬೆಲೆಪಟ್ಟಿಯ ತೋಟವಾಗಿತ್ತು. ಹುಡುಗಿಯರ ಕಿವಿಯಿಂದ ಓಲೆಯ ಜೊತೆ ಓಲೆಯ ಬೆಲೆಯೂ ತೂಗುತ್ತಿತ್ತು. ಹೊಸ ಬಟ್ಟೆ ಇಲ್ಲದವನೊಬ್ಬ ಅಂಗಿಯನ್ನೇ ಒಳಹೊರಗು ಮಾಡಿ, 'ತಣ್ಣೀರಿನಲ್ಲಿ ಒಗೆಯಿರಿ' ಎಂಬ ಪಟ್ಟಿಯನ್ನು ಬೆನ್ನ ಮೇಲೆ ಮೆರೆಸುತ್ತಿದ್ದ. ನಿನ್ನೆಯವರೆಗೂ ಮುಖ ತಿರುಗಿಸುತ್ತಿದ್ದವರೆಲ್ಲ ಈಗ ಅವನ ಬೆನ್ನು ತಟ್ಟಿದರು. ಪ್ರತಿ ಬಾರಿ ತಟ್ಟಿದಾಗಲೂ ಅವನು ಟ್ಯಾಗು ಇದೆಯೇ ಎಂದು ಮುಟ್ಟಿ ನೋಡಿಕೊಂಡ, ಮಗುವಿನ ಮೂಗು ಮುಟ್ಟಿ ನೋಡುವ ಹೊಸ ತಾಯಿಯಂತೆ.

ವಿಭಾಗದ ಮುಖ್ಯಸ್ಥರು ಬಂದರು. ಮಾತಿಗೊಮ್ಮೆ 'ನರೇಟಿವ್' ಎನ್ನುತ್ತಿದ್ದುದರಿಂದ ಹುಡುಗರ ಬಾಯಲ್ಲಿ ಅವರು 'ನರೇಟಿವ್ ಸರ್'. ಅವರ ಕೋಟಿನ ಗುಂಡಿಗೆ ಗುಲಾಬಿ ಬಣ್ಣದ ಡ್ರೈಕ್ಲೀನಿಂಗ್ ಚೀಟಿ ನೇತಾಡುತ್ತಿತ್ತು.

"ಏನಯ್ಯಾ, ನರೇಟಿವ್‌ನೇ ಉಲ್ಟಾ ಹೊಡೆದುಬಿಟ್ಯಲ್ಲ! ನಾನು ಮೊದಲಿಂದ ಹೇಳ್ತಿದ್ದೆ, ನಿನ್ನಲ್ಲಿ ಏನೋ ಇದೆ ಅಂತ."

ಅವರು ಮೊದಲಿನಿಂದ ಅವನ ಹೆಸರನ್ನೇ ಹೇಳಿರಲಿಲ್ಲ.

ಪ್ರದರ್ಶನದ ಕೋಣೆಯಲ್ಲಿ ಅವನು ಎದ್ದು ಪರದೆಯ ಪಕ್ಕದಲ್ಲಿ ನಿಂತ. ವರ್ಷವೆಲ್ಲ ಕೂತು ಮಾಡಿದ್ದ ಪ್ರಾಜೆಕ್ಟಿನ ಹೆಸರು 'ನಿಂತವರು'. ಬಟ್ಟೆಯ ಜಾಹೀರಾತಿನಲ್ಲಿ ಮಾಡೆಲ್ಲುಗಳ ಬದಲು ಬಟ್ಟೆ ಮಾರುವವರನ್ನೇ ತೋರಿಸುವುದು. ನಿಮ್ಮ ಮದುವೆಯ ಅಂಗಿಯನ್ನು ಆರಿಸಿಕೊಟ್ಟವಳ ಮುಖ ನಿಮಗೆ ನೆನಪಿದೆಯೇ ಎಂದು ಕೇಳುವುದು. ಮೊದಲ ಚಿತ್ರದಲ್ಲಿ ಮುಖವೇ ಇರಲಿಲ್ಲ. ಕೆಲಸ ಮುಗಿಸಿ ಬಂದ ಒಂದು ಜೊತೆ ಕಾಲು, ಬಕೆಟ್ಟಿನ ಬಿಸಿನೀರಿನಲ್ಲಿ. ಯಾರ ಕಾಲು ಎಂದು ಅವನು ಯಾರಿಗೂ ಹೇಳಿರಲಿಲ್ಲ.

"ಇವರು ದಿನವಿಡೀ ನಿಂತಿರ್ತಾರೆ ಮೇಡಂ. ಗಿರಾಕಿ ಇಲ್ಲದಾಗಲೂ ಕೂರೋ ಹಾಗಿಲ್ಲ..."

"ಇದೆಲ್ಲ ಒಳ್ಳೇದೇ, ಸ್ವಲ್ಪ ಭಾರ," ಎಂದರು ಕಂಪನಿ ಮೇಡಂ, ನಗುತ್ತಲೇ. "ಗಿರಾಕಿಗೆ ಕಾಲು ನೋವು ಮಾರೋಕಾಗಲ್ಲ ಅಲ್ವಾ? ಆ ಟ್ಯಾಗಿನ ವಿಷಯ ಹೇಳಿ. ನಮ್ಮ ಹೆಸರನ್ನ ನಾವು ಒಂದು ಕಾಸೂ ಖರ್ಚು ಮಾಡದೆ ಊರೆಲ್ಲ ಹೊತ್ತು ತಿರುಗ್ತಾ ಇದೆ! ಬೆಳಿಗ್ಗೆಯಿಂದ ನಮ್ಮ ಆಫೀಸಲ್ಲಿ ನಿಮ್ಮ ವಿಡಿಯೋದ್ದೇ ಮಾತು."

ಅವನು ಬಸ್ಸಿನ ಮಾತನ್ನೇ ಹೇಳಿದ. ಈ ಸಲ ಇನ್ನೂ ಚೆನ್ನಾಗಿ ಬಂತು. ಬಕೆಟ್ಟಿನ ಕಾಲುಗಳು ಅವನ ಹಿಂದೆ ಪರದೆಯ ಮೇಲೆ ಹಾಗೇ ನಿಂತಿದ್ದವು.

"ಅದ್ಭುತ!" ಮೇಡಂ ಎದ್ದು ಬಂದು ಅವನ ತೋಳು ಹಿಡಿದರು. "ಇಷ್ಟು ಒಳ್ಳೇ ಗಿರಾಕಿಗೆ ಇದನ್ನ ಮಾರಿದ ಸೇಲ್ಸ್ ಹುಡುಗಿ ಯಾರೋ, ಅವಳಿಗೊಂದು ಬಹುಮಾನ ಕೊಡ್ಲೇಬೇಕು. ನೋಡೋಣ." ಟ್ಯಾಗಿನ ಕಪ್ಪು ಗೆರೆಗಳ ಮೇಲೆ ಫೋನು ಹಿಡಿದರು. ಫೋನು 'ಟಿಂಗ್' ಎಂದಿತು.

ಮೇಡಂ ಫೋನಿನ ತೆರೆಯನ್ನು ನೋಡಿದರು. ಅವನನ್ನು ನೋಡಿದರು. ನಗು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಕಮ್ಯುನಿಕೇಷನ್ನಿನಲ್ಲಿ ಪಳಗಿದವರು.

"ಒಂದೇ ನಿಮಿಷ," ಎಂದು ಹೊರಗಿನ ಮೊಗಸಾಲೆಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಆಮೇಲೆ ಎಲ್ಲರೆದುರು ಹೇಳಿದರು: "ಜಾಗ ಇವರಿಗೇ. ನಮ್ಮಲ್ಲಿ ಟ್ರೈನಿಗಳು ಅಂಗಡಿಯಿಂದಲೇ ಶುರು ಮಾಡ್ಬೇಕು. ಮೊದಲ ಆರು ತಿಂಗಳು ಸಂಬಳ ಇಲ್ಲ, ಕಲಿಕೆ. ನಿಮ್ಮ ಅದೃಷ್ಟ ನೋಡಿ, ಬಸ್ ನಿಲ್ದಾಣದ ಎದುರಿನ ನಮ್ಮ ಶೋರೂಮಿನಲ್ಲಿ ಈಗ ತಾನೇ ಒಂದು ಜಾಗ ಖಾಲಿಯಾಯ್ತು. ನಾಳೆಯಿಂದಲೇ ಬನ್ನಿ."

ಕೋಣೆ ಚಪ್ಪಾಳೆಯಲ್ಲಿ ಮುಳುಗಿತು. ನರೇಟಿವ್ ಸರ್ ಕಣ್ಣೊರೆಸಿಕೊಂಡರು. ಲೈಕು ಅದನ್ನೂ ಹಿಡಿದಳು. ಅವನಿಗೆ ಕೇಳಿಸಿದ್ದು ಒಂದೇ: ಬಸ್ ನಿಲ್ದಾಣದ ಎದುರಿನ ಶೋರೂಮು. ಅಕ್ಕನ ಶೋರೂಮು! ಸಂಬಳ ಆಮೇಲೆ ಬರಲಿ ಬಿಡು, ಅಕ್ಕನ ಪಕ್ಕದಲ್ಲೇ ಕೆಲಸ! ಕೋಟಿನ ಟ್ಯಾಗೂ ಗಟ್ಟಿಯಾಗಿದೆ, ಅಂಗಡಿ ಮುಚ್ಚಲು ಇನ್ನೂ ಹೊತ್ತಿದೆ. ಇಡೀ ದಿನದಲ್ಲಿ ಮೊದಲ ಸಲ ಅವನು ಕೈ ಮೇಲೆತ್ತಿ ಮೈ ಮುರಿದ.

ಶೋರೂಮಿನ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಅಕ್ಕ ಕುಳಿತಿದ್ದಳು. ಕೆಲಸದ ಹೊತ್ತಿನಲ್ಲಿ ಅವಳು ಕುಳಿತಿದ್ದನ್ನು ಅವನು ಎಂದೂ ನೋಡಿರಲಿಲ್ಲ. ತೊಡೆಯ ಮೇಲೆ ಖಾಲಿ ಊಟದ ಚೀಲ.

"ಅಕ್ಕಾ! ಸಿಕ್ತು ಕಣೇ, ಜಾಗ ಸಿಕ್ತು! ಎಲ್ಲಿ ಅಂತ ಕೇಳು!"

"ಗೊತ್ತು," ಅಂದಳು ಅಕ್ಕ. "ಕೋಟು ಬಿಚ್ಚು. ಒಳಗೆ ಕೊಟ್ಟು ಬಾ. ಕಾಯ್ತಿದಾರೆ."

ಅವನ ಮುಖದ ನಗು ಹೊರಡಲೋ ಇರಲೋ ಎಂದು ತಿಳಿಯದೆ ಅಲ್ಲೇ ನಿಂತಿತು.

"ಮೇಡಂ ಫೋನ್ ಮಾಡಿದ್ರಂತೆ. ಇದು ಮಾರಾಟ ಆಗಿಲ್ಲ, ನಿಮ್ಮ ಸ್ಟಾಕಲ್ಲೇ ಇದೆ ಅಂತ ತೋರಿಸ್ತಿದೆ, ಹೊರಗೆ ಹೇಗೆ ಬಂತು ಅಂದ್ರಂತೆ. ಹುಡುಗನ್ನ ಏನೂ ಕೇಳ್ಬೇಡಿ, ಅವನ ವಿಡಿಯೋ ಚೆನ್ನಾಗಿ ಓಡ್ತಿದೆ, ಒಳಗಿಂದ ಕೊಟ್ಟೋರು ಯಾರು ಅಂತ ನೋಡಿ ಕಳಿಸಿಬಿಡಿ ಅಂದ್ರಂತೆ. ನಾನೇ ಅಂದೆ." ಅಕ್ಕ ಚೀಲದ ಹಿಡಿ ಸುತ್ತಿ ಬಿಚ್ಚಿದಳು. "ತಮ್ಮ ಅಂತ ಹೇಳ್ಲಿಲ್ಲ. ಹೇಳಿದ್ರೆ ನಿಂದೂ ಹೋಗ್ತಿತ್ತು."

ಅವನು ನಿಂತೇ ಇದ್ದ.

"ನಾಳೆ ಆ ಗಟ್ಟಿ ಬೂಟು ಹಾಕ್ಕೊಂಡು ಹೋಗ್ಬೇಡ," ಅಂದಳು ಅಕ್ಕ. "ಮೆತ್ತಗಿರೋದು ಹಾಕ್ಕೋ. ಸಂಜೆ ಹೊತ್ತಿಗೆ ಹಿಮ್ಮಡಿ ಹಿಡಿಯುತ್ತೆ."

ಕೋಟು ಕೊಟ್ಟು ಇಬ್ಬರೂ ನಡೆದೇ ಮನೆಗೆ ಬಂದರು. ದಾರಿಯುದ್ದಕ್ಕೂ ಯಾರ್ಯಾರದೋ ತೋಳುಗಳಿಂದ ಟ್ಯಾಗುಗಳು ತೂಗುತ್ತಿದ್ದವು.

ಮೆಟ್ಟಿಲ ಮೇಲೆ ಎದುರುಮನೆ ಆಂಟಿ ಕಾದೇ ನಿಂತಿದ್ದರು. ಕೈಯಲ್ಲಿ ಪ್ಯಾಂಟು. ರವಿಕೆಯ ತೋಳಿನಲ್ಲಿ ಬೆಲೆ.

"ಟೈಲರ್ ಮರೀ! ನಿನ್ನ ವಿಡಿಯೋ ನೋಡಿದೆ ಕಣೋ! ಬೆಳಿಗ್ಗೆ ನೀನು ಓಡಿದ್ದೇ ಒಳ್ಳೇದಾಯ್ತು ನೋಡು. ನಾನೇನಾದ್ರೂ ಆ ಟ್ಯಾಗನ್ನ ಕತ್ತರಿಸಿಬಿಟ್ಟಿದ್ರೆ ಏನಾಗ್ತಿತ್ತು ಹೇಳು?"

ಅವನು ಅಕ್ಕನ ಕಡೆ ತಿರುಗಿದ. "ಏನಾಗ್ತಿತ್ತು ಅಕ್ಕ?"

"ಏನಾಗ್ತಿತ್ತು? ಎರಡು ಬೈಗುಳ," ಅಂದಳು ಅಕ್ಕ, ದಣಿದ ದನಿಯಲ್ಲಿ. "ಟ್ರಯಲ್ ರೂಮಲ್ಲಿ ದಿನಾ ಎಷ್ಟೋ ಟ್ಯಾಗ್ ಕಿತ್ತು ಬೀಳುತ್ತೆ. ಹೊಸ ದಾರ ಹಾಕಿ ಸಿಗಿಸ್ತೀವಿ."

"ಮತ್ತೆ ಬೆಳಿಗ್ಗೆ, ಕೆಲಸ ಹೋಗುತ್ತೆ ಅಂದ್ಯಲ್ಲ?"

"ಹಾಗೆ ಹೆದರಿಸದಿದ್ರೆ ನೀನು ಜೋಪಾನ ಮಾಡ್ತಿದ್ಯಾ?"

ಆಂಟಿಗೆ ಇದೊಂದೂ ತಲೆಗೆ ಹೋಗಲಿಲ್ಲ. ಅವರು ಪ್ಯಾಂಟನ್ನು ಅವನ ಕಡೆ ಚಾಚಿದರು. "ಅದೆಲ್ಲ ಇರ್ಲಿ. ಈಗಂತೂ ದೊಡ್ಡ ಕಂಪನಿ ಕೆಲಸ ಸಿಕ್ಕಿದೆ, ಇನ್ನು ನಿನ್ನ ಕೈಗೆ ಸಿಗೋದು ಕಷ್ಟ. ಇದೊಂದು ಮಡಚಿ ಹೊಲಿದುಕೊಡೋ."

ತಾನು ಟೈಲರ್ ಅಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಮುಂದೆ ಬಂದು ಪ್ಯಾಂಟನ್ನು ತೆಗೆದುಕೊಂಡಳು.

"ಕೊಡಿ ಆಂಟಿ, ನಾನು ಹೊಲಿತೀನಿ," ಅಂದಳು. "ನಾಳೆಯಿಂದ ನಂಗೆ ಕೂತೇ ಇರೋ ಕೆಲಸ."