ಸಮಾನತೆಗೆ ಏಳು ಕುರ್ಚಿ

ಅಸಮಾನತೆಯ ಬಗ್ಗೆ ಹದಿನೆಂಟು ವರ್ಷ ಪಾಠ ಮಾಡಿದವನಿಗೆ ಅದನ್ನು ಹೋಗಲಾಡಿಸುವುದು ಏನು ಮಹಾ ಕಷ್ಟ? ಸಾಮಾಜಿಕ, ಆರ್ಥಿಕ ಅಸಮಾನತೆಯ ಜಂಟಿ ಸಂಶೋಧನೆಗೆ ಸಂಸ್ಥೆಯೊಂದು ಅನುದಾನ ಕೊಡುತ್ತದೆ ಎಂದು ತಿಳಿದ ದಿನ ನಾನು ಮೂಡುಬಿದಿರೆಯ ನಮ್ಮ ಕಾಲೇಜಿನ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಷರತ್ತು ಒಂದೇ. ಯಾರ ಬದುಕಿನ ಬಗ್ಗೆ ಸಂಶೋಧನೆಯೋ, ಅವರಲ್ಲೊಬ್ಬರು ಸಮಾನ ಹಕ್ಕಿನ ಸಹ ಸಂಶೋಧಕರಾಗಿರಬೇಕು.

ಸಹ ಸಂಶೋಧಕಿ ನನ್ನ ಕಣ್ಣೆದುರೇ ಇದ್ದರು. ಪಾಣೆಮಂಗಳೂರಿನಲ್ಲಿ ಬೀಡಿ ಕಟ್ಟುವ ಲಲಿತಕ್ಕ, ನನ್ನ ಹೆಂಡತಿ ಸುಮತಿಯ ತವರಿನ ನೆರೆಮನೆಯವರು. ಕೇಳಿದ ತಕ್ಷಣ ಒಪ್ಪಿದರು.

"ನನಗೊಂದು ಪ್ರಶ್ನೆ ಉಂಟು ಸರ್," ಎಂದರು. "ಒಂದೇ ಕೈಯಲ್ಲಿ ಕಟ್ಟಿದ ಬೀಡಿ. ಒಂದು ದಿನ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಎಲ್ಲಾ ತೆಗೆದುಕೊಳ್ತಾರೆ, ಮರುದಿನ ಅರ್ಧ ಸರಿ ಇಲ್ಲ ಅಂತ ಬಿಸಾಡ್ತಾರೆ. ಯಾಕೆ ಅಂತ ಹೇಳುವುದಿಲ್ಲ. ಅದು ಗೊತ್ತಾಗಬೇಕು ನನಗೆ. ಈ ಓಣಿಯ ಎಲ್ಲರಿಗೂ ಗೊತ್ತಾಗಬೇಕು."

ಎಂಥ ಪ್ರಶ್ನೆ! ನಾನು ಅದನ್ನು ಹನ್ನೊಂದು ಪುಟಕ್ಕೆ ಹಿಗ್ಗಿಸಿ ಅರ್ಜಿ ಹಾಕಿದೆ. ಉತ್ತರವೂ ಬಂತು. ಸಂಸ್ಥೆಯಿಂದ ಇಬ್ಬರು ಬರುತ್ತಾರಂತೆ, ಸಂಶೋಧಕರೊಂದಿಗೆ ಸುಮ್ಮನೆ ಕುಳಿತು ಮಾತಾಡುತ್ತಾರಂತೆ.

ಸುಮ್ಮನೆ ಕುಳಿತು! ನಮ್ಮ ಊರಿನಲ್ಲಿ ಯಾರಾದರೂ ಸುಮ್ಮನೆ ಕುಳಿತದ್ದುಂಟೇ? ರಂಗೋಲಿ ಸ್ಪರ್ಧೆಗೂ ವೇದಿಕೆ ಬೇಕು, ವೇದಿಕೆಗೆ ಅಧ್ಯಕ್ಷರು ಬೇಕು. ನಾನು ಸಭಾಭವನ ಗೊತ್ತುಮಾಡಿದೆ. ಬ್ಯಾನರ್ ಬರೆಸಿದೆ. ಏಳು ಮೆತ್ತನೆಯ ಕುರ್ಚಿ, ಏಳು ಶಾಲು, ಏಳು ಹಣ್ಣಿನ ಬುಟ್ಟಿ. ಆಮಂತ್ರಣ ಪತ್ರಿಕೆಯನ್ನು ಸುಮತಿಯ ಕೈಗಿಟ್ಟು ಹೊಗಳಿಕೆಗೆ ಕಾದೆ.

"ಲಲಿತಕ್ಕನ ಹೆಸರು ಎಲ್ಲುಂಟು?" ಎಂದಳು.

"ಅವರು ನಮ್ಮ ಮನೆಯವರ ಹಾಗೆ ಅಲ್ವಾ? ಮನೆಯವರ ಹೆಸರು ಯಾರಾದರೂ ಹಾಕ್ತಾರಾ?"

"ಮನೆಯವರ ಅವಸ್ಥೆ ಎಂತದ್ದು ಅಂತ ನನಗೆ ಗೊತ್ತುಂಟು ಮಾರಾಯ್ರೇ," ಎಂದು ಹೇಳಿ ಅವಳು ಒಳಗೆ ಹೋದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ.

ಸಭೆಯ ದಿನ ನನ್ನ ಉತ್ಸಾಹಕ್ಕೆ ಲಗಾಮಿರಲಿಲ್ಲ. ಕೆಳಗೆ ಮೂವತ್ತು ಜನ ಬೀಡಿ ಕಟ್ಟುವ ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಕುರ್ಚಿ ಕಡಿಮೆ ಬಿದ್ದಿತ್ತು, ಇದ್ದ ನಾಲ್ಕು ಸಾಲಿನ ಮೇಲೆ 'ಗಣ್ಯರಿಗೆ' ಎಂದು ನಾನೇ ಚೀಟಿ ಅಂಟಿಸಿದ್ದೆ. ಆ ಸಾಲುಗಳಿಗೆ ಯಾವ ಗಣ್ಯರೂ ಬಂದಿರಲಿಲ್ಲ. ಸಂಸ್ಥೆಯಿಂದ ಬಂದ ಇಬ್ಬರು ಅತಿಥಿಗಳಲ್ಲಿ ಕನ್ನಡ ಬಲ್ಲ ಮೇಡಂ ಒಬ್ಬರು ಚಾಪೆಯತ್ತ ಹೊರಟಿದ್ದರು. ನಾನು ಓಡಿಹೋಗಿ ಅವರನ್ನು ವೇದಿಕೆ ಹತ್ತಿಸಿದೆ.

ಪ್ರಾರ್ಥನೆ, ಸ್ವಾಗತ, ದೀಪ, ಶಾಲು ಎಲ್ಲ ಮುಗಿಯುವಷ್ಟರಲ್ಲಿ ಕೆಳಗಿನವರು ಬೇಸತ್ತು ತಂದಿದ್ದ ಮೊರ ತೆಗೆದು ಬೀಡಿ ಕಟ್ಟತೊಡಗಿದರು. ನಾನು ಮೈಕಿನ ಮುಂದೆ ನಿಂತೆ. "ಮೇಲು ಕೀಳು ಎಂಬ ಭೇದವನ್ನು ಬುಡಸಮೇತ ಕಿತ್ತೆಸೆಯಬೇಕು," ಎಂದು ಗುಡುಗಿ, 'ಮೇಲು' ಎನ್ನುವಾಗ ವೇದಿಕೆಯತ್ತ, 'ಕೀಳು' ಎನ್ನುವಾಗ ಚಾಪೆಯತ್ತ ಕೈ ತೋರಿಸಿದೆ. ಅಭ್ಯಾಸಬಲ.

ಮೇಡಂ ಮೆಲ್ಲಗೆ ಕೇಳಿದರು, "ನಿಮ್ಮ ಸಹ ಸಂಶೋಧಕಿ ಯಾರು?"

ನಾನು ಹುಡುಕಿದೆ. ವೇದಿಕೆಯ ಮೇಲಿರಲಿಲ್ಲ. ಚಾಪೆಯ ಮೇಲೂ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಲಲಿತಕ್ಕ ಬಂದರು, ತಟ್ಟೆಯಲ್ಲಿ ಕೆತ್ತಿದ ಏಳು ಎಳನೀರು ಹಿಡಿದುಕೊಂಡು. ಬೆಳಿಗ್ಗೆ ಗಡಿಬಿಡಿಯಲ್ಲಿ ಆ ಕೆಲಸವನ್ನು ಅವರಿಗೆ ಹೇಳಿದವನೂ ನಾನೇ.

"ಇವರೇ, ಲಲಿತಕ್ಕ," ಎಂದೆ. ಮೈಕು ಅದನ್ನು ಇಡೀ ಸಭಾಭವನಕ್ಕೆ ಸಾರಿತು.

"ನಿಮ್ಮ ಪ್ರಶ್ನೆ ಏನು ಲಲಿತಕ್ಕ?" ಎಂದು ಮೇಡಂ ಕೇಳಿದರು.

"ಅವರ ಪ್ರಶ್ನೆ ಏನೆಂದರೆ..." ಎಂದು ನಾನು ಶುರುಮಾಡಿದೆ.

"ಅವರೇ ಹೇಳಲಿ."

ಲಲಿತಕ್ಕ ತಟ್ಟೆ ಕೆಳಗಿಟ್ಟರು. "ನನ್ನ ಪ್ರಶ್ನೆ ಬೀಡಿಯದ್ದು ಮೇಡಂ, ಅದು ಸರ್ ಬರೆದಿದ್ದಾರೆ. ಈಗ ಇನ್ನೊಂದು ಉಂಟು. ಇಲ್ಲಿ ಮೂವತ್ತು ಜನರಿಗೆ ಬಾಯಾರಿಕೆ ಆಗ್ತಾ ಉಂಟು. ಎಳನೀರು ಮೇಲಿನವರಿಗೆ ಮಾತ್ರ ಯಾಕೆ?"

ಚಾಪೆಯ ಕಡೆಯಿಂದ ನಗು ಎದ್ದಿತು. ಮೇಡಂ ಶಾಲು ತೆಗೆದಿಟ್ಟು ಕೆಳಗಿಳಿದು ಲಲಿತಕ್ಕನೊಂದಿಗೆ ಚಾಪೆಯ ಮೇಲೆ ಕುಳಿತರು. ಇನ್ನೊಬ್ಬರೂ ಇಳಿದರು. ನಮ್ಮ ಅಧ್ಯಕ್ಷರೂ ವೇದಿಕೆಯ ಉಳಿದವರೂ ಹಣ್ಣಿನ ಬುಟ್ಟಿಯ ಸಮೇತ ಇಳಿದರು. ಮೇಲೆ ಉಳಿದದ್ದು ನಾನು, ಮೈಕು ಮತ್ತು ಏಳು ಖಾಲಿ ಕುರ್ಚಿ. ಏನು ಮಾಡಬೇಕೆಂದು ತೋಚದೆ ವಂದನಾರ್ಪಣೆ ಮಾಡಿಬಿಟ್ಟೆ.

ಕೆಳಗೆ ಮಾತು ಎರಡು ಗಂಟೆ ನಡೆಯಿತು. ಅನುದಾನ ಸಿಕ್ಕಿತು. ಮುಖ್ಯ ಸಂಶೋಧಕಿ ಲಲಿತಕ್ಕ. ನಾನು ಸಹಾಯಕ.

ಮೊದಲ ಸಭೆ ಅವರ ಮನೆಯ ಜಗಲಿಯಲ್ಲಿ. ಚಾಪೆಯ ಮೇಲೆ ನನ್ನ ಕಾಲು ಮಡಚಲಿಲ್ಲ. ಹೆಂಗಸರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಹತ್ತು ಪುಟ ಬರೆದು ಹೆಮ್ಮೆಯಿಂದ ಒಪ್ಪಿಸಿದೆ. ಲಲಿತಕ್ಕ ಒಂದೊಂದೇ ಪುಟ ಓದಿ, ಐದನ್ನು ಬಲಕ್ಕಿಟ್ಟು, ಐದನ್ನು ಎಡಕ್ಕೆ ಹಾಕಿದರು.

"ಇಷ್ಟು ಸರಿ ಇಲ್ಲ ಸರ್. ಪುನಃ ಬರೆಯಿರಿ."

ನನಗೆ ಮೈ ಉರಿಯಿತು. ಒಂದೇ ಕೈಯಲ್ಲಿ ಬರೆದ ಪುಟಗಳು! "ಯಾಕೆ ಸರಿ ಇಲ್ಲ? ಕಾರಣ ಹೇಳಬೇಕಲ್ವಾ?" ಎಂದೆ.

ಲಲಿತಕ್ಕ ಬೀಡಿಗೆ ನೂಲು ಸುತ್ತುತ್ತಾ ನನ್ನನ್ನು ನೋಡಿದರು. "ಈಗ ಗೊತ್ತಾಯ್ತಾ ಸರ್? ಇದನ್ನು ಬರೆದುಕೊಳ್ಳಿ."

ಬರೆದುಕೊಂಡೆ. ಆ ಪುಟ ನೇರವಾಗಿ ಬಲಕ್ಕೆ ಹೋಯಿತು.